ಕಠ್ಮಂಡುವಿನಲ್ಲಿ ಒಂದು ದಿನ: ಗುಂಪು ಬಸ್ಸೋ, ಕಾರು-ಗೈಡೋ, ನಮ್ಮ ಪಾಡಿಗೆ ನಾವೋ?

ಪಶುಪತಿನಾಥನ ಗುಡಿ, ಬೌಧನಾಥ ಮತ್ತು ಸ್ವಯಂಭೂ ಸ್ತೂಪಗಳು, ಹಳೆಯ ಊರು ಪಾಟನ್. ಈ ನಾಲ್ಕನ್ನೂ ಒಂದೇ ದಿನದಲ್ಲಿ ನೋಡಲು ಮೂರು ದಾರಿಗಳಿವೆ: ಪ್ರವಾಸಿಗರು ಹೆಚ್ಚಾಗಿ ತಂಗುವ ಥಮೇಲ್ ಕಡೆಯಿಂದ ಹೊರಡುವ ಗುಂಪು ಬಸ್ಸು, ದಿನವಿಡೀ ಜೊತೆಗಿರುವ ಕಾರು ಮತ್ತು ಗೈಡ್, ಇಲ್ಲವೇ ಟ್ಯಾಕ್ಸಿ ಹಿಡಿದು ನಾವೇ ಸುತ್ತುವುದು. ಮೂರನ್ನೂ ಮಾಡಿ ನೋಡಿದ್ದೇನೆ. ದುಡ್ಡಿನ ಲೆಕ್ಕ ಆಮೇಲಿನದು. ಮೊದಲು ಕೇಳಬೇಕಾದದ್ದು, ಪಶುಪತಿಗೆ ಎಷ್ಟು ಹೊತ್ತಿಗೆ ಕರೆದುಕೊಂಡು ಹೋಗುತ್ತೀರಿ ಅಂತ.

ಗುಂಪು ಬಸ್ಸು ಅಗ್ಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಲೆಕ್ಕಾಚಾರವೆಲ್ಲ ವಿದೇಶೀಯರಿಗೆ ತಕ್ಕ ಹಾಗೆ. ಪಶುಪತಿನಾಥನ ಮುಖ್ಯ ಗುಡಿಯೊಳಗೆ ಹಿಂದೂಗಳಲ್ಲದವರಿಗೆ ಪ್ರವೇಶವಿಲ್ಲ. ಹಾಗಾಗಿ ಗೈಡ್ ಎಲ್ಲರನ್ನೂ ಬಾಗ್ಮತಿ ನದಿಯ ಪೂರ್ವ ದಡಕ್ಕೆ ಕರೆದೊಯ್ದು, ಅಲ್ಲಿಂದಲೇ ಎರಡಂತಸ್ತಿನ ಚಿನ್ನದ ಮಾಡು, ಎದುರಿನ ಆರ್ಯಘಾಟ್‌ನ ಚಿತೆಗಳನ್ನು ತೋರಿಸುತ್ತಾನೆ. "ದರ್ಶನ ಬೇಕಾದವರು ಬೇಗ ಹೋಗಿ ಬನ್ನಿ" ಅಂದ. ನಾವು ಓಡಿ ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿ ಗರ್ಭಗುಡಿಯ ಬಾಗಿಲು ಮುಚ್ಚಿತ್ತು. ಅಷ್ಟು ದೂರ ಹೋಗಿ ನಂದಿಯ ಬೆನ್ನು ನೋಡಿ ಬಂದದ್ದಾಯಿತು! ಊಟವಾದ ಮೇಲೆ ತಂಗ್ಕಾ ಎಂಬ ಬೌದ್ಧ ಬಟ್ಟೆಚಿತ್ರಗಳ ಒಂದು ಅಂಗಡಿಯಲ್ಲಿ ಕೂರಿಸಿದರು. ದೇವರಿಗಿಂತ ಅಂಗಡಿಗೇ ಹೆಚ್ಚು ಹೊತ್ತು ಸಿಕ್ಕಿತು. ಸ್ವಯಂಭೂಗೆ ಬಸ್ಸು ಹಿಂಬದಿಯ ರಸ್ತೆಯಲ್ಲಿ ಮೇಲಕ್ಕೆ ಹೋಗುವುದರಿಂದ ಪೂರ್ವದ 365 ಮೆಟ್ಟಿಲುಗಳ ದಾರಿ ಸಿಗುವುದಿಲ್ಲ. ಮೊಣಕಾಲು ನೋವಿನ ಹಿರಿಯರು ಜೊತೆಗಿದ್ದರೆ ಮಾತ್ರ ಅದೇ ಒಳ್ಳೆಯದು.

ಕಾರು ಮತ್ತು ಗೈಡ್‌ಗೆ ಬಸ್ಸಿನ ಎಷ್ಟೋ ಪಟ್ಟು ಖರ್ಚು. ನಾಲ್ವರಿದ್ದರೆ ಹೊರೆಯಾಗದು, ಇಬ್ಬರಿಗೆ ಕೈ ಕಚ್ಚುತ್ತದೆ. ಆದರೆ ಸ್ವಯಂಭೂ ಮತ್ತು ಪಾಟನ್‌ನಲ್ಲಿ ಬಲ್ಲವರಿಲ್ಲದೆ ಕಲ್ಲು, ಹಿತ್ತಾಳೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಸ್ವಯಂಭೂ ಸ್ತೂಪದ ಮಗ್ಗುಲಲ್ಲೇ ಹಾರಿತಿಯ ಪುಟ್ಟ ಗುಡಿ ಇದೆ. ಸಿಡುಬಿನಿಂದ ಮಕ್ಕಳನ್ನು ಕಾಯುವ ತಾಯಿ ಎಂದು ಈ ಕಣಿವೆಯ ಮೂಲ ನಿವಾಸಿಗಳಾದ ನೇವಾರ್ ಹಿಂದೂಗಳೂ ಬೌದ್ಧರೂ ಒಂದೇ ಸಾಲಿನಲ್ಲಿ ನಿಂತು ಪೂಜೆ ಕೊಡುತ್ತಾರೆ. ನಮ್ಮೂರ ಮಾರಮ್ಮನ ನೆನಪಾಗದೆ ಇರದು. ನಾನೊಬ್ಬನೇ ಹೋದಾಗ ಇದನ್ನು ದಾಟಿಕೊಂಡೇ ಹೋಗಿದ್ದೆ, ಗೈಡ್ ಅಲ್ಲಿ ಬಹಳ ಹೊತ್ತು ನಿಲ್ಲಿಸಿದ. ಪಾಟನ್‌ನಲ್ಲಿ ಅಲ್ಲಿನ ರಾಜ ಸಿದ್ಧಿನರಸಿಂಹ ಮಲ್ಲ 1637ರಲ್ಲಿ ಕಟ್ಟಿಸಿದ ಕೃಷ್ಣ ಮಂದಿರದ ಕಲ್ಲಿನಲ್ಲಿ ರಾಮಾಯಣ, ಮಹಾಭಾರತ ಎರಡೂ ಇವೆ. ಸುತ್ತಲಿನ ಮರ, ಇಟ್ಟಿಗೆಯ ಗುಡಿಗಳಲ್ಲಿ ಕೆಲವು 2015ರ ಭೂಕಂಪಕ್ಕೆ ನೆಲ ಕಚ್ಚಿದರೂ ಈ ಕಲ್ಲಿನ ಗುಡಿ ನಿಂತಿತು. ಯಾವುದು ಹಳೆಯದು, ಯಾವುದನ್ನು ಆಮೇಲೆ ಎತ್ತಿ ನಿಲ್ಲಿಸಿದ್ದು ಎಂದು ತೋರಿಸುವವರು ಬೇಕೇ ಬೇಕು.

ಇನ್ನು ಪಶುಪತಿ. ಕರ್ನಾಟಕದವರು ಎಂದ ಕೂಡಲೇ ಗೈಡ್‌ನ ಮುಖ ಅರಳಿತು. ಅಲ್ಲಿ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರ ಭಟ್ಟರದು, ಅವರು ಪರಂಪರೆಯಿಂದ ನಮ್ಮ ಕಡೆಯಿಂದ ಹೋದವರು. 2009ರಲ್ಲಿ ಇದನ್ನು ಬದಲಿಸಲು ಆಗಿನ ಸರ್ಕಾರ ಹೊರಟಾಗ ದೊಡ್ಡ ಗಲಾಟೆಯೇ ಆಯಿತು. ಇದೆಲ್ಲ ಕೇಳಲು ಚೆನ್ನ. ಆದರೆ ಒಳಗೆ ಹೋದ ಮೇಲೆ ಗೈಡ್‌ಗೆ ಮಾಡಲು ಕೆಲಸವಿಲ್ಲ. ಸಾಲು, ಗಂಟೆ, ನಾಲ್ಕು ದಿಕ್ಕಿಗೂ ಮುಖವಿರುವ ಲಿಂಗ. ಹಿಂದೂವಾಗಿ ದರ್ಶನಕ್ಕೆ ಹೋಗುವವರು ಬೆಳಕು ಹರಿಯುವ ಮುಂಚೆ ತಾವೇ ಹೋಗಿ ನಿಂತರೆ ಸಾಕು. ಶನಿವಾರ ನೇಪಾಳದಲ್ಲಿ ವಾರದ ರಜೆ, ಸೋಮವಾರ ಶಿವನ ವಾರ. ಆ ಎರಡು ದಿನ ಸಾಲು ಬಾಗಿಲಾಚೆಗೂ ಬೆಳೆಯುತ್ತದೆ.

ನಮ್ಮಷ್ಟಕ್ಕೆ ಸುತ್ತುವುದರ ಸುಖ ಇರುವುದು ಅಲ್ಲಿಂದ ಮುಂದೆ. ಪಶುಪತಿಯ ಹತ್ತಿರದ ಗುಹ್ಯೇಶ್ವರಿ ದೇವಿಯ ಗುಡಿಯ ಕಡೆಯಿಂದ ನಡೆದರೆ ಬೌಧನಾಥ ಸುಮಾರು ಎರಡು ಕಿಲೋಮೀಟರ್. 36 ಮೀಟರ್ ಎತ್ತರದ ಆ ಸ್ತೂಪಕ್ಕೆ ಗೈಡ್ ಯಾತಕ್ಕೆ? ಸ್ತೂಪವನ್ನು ಬಲಕ್ಕಿಟ್ಟುಕೊಂಡು ಸುತ್ತುವವರ ಜೊತೆ ಸೇರಿಕೊಂಡು, ಪ್ರಾರ್ಥನಾ ಚಕ್ರ ತಿರುಗಿಸುತ್ತಾ ಹೋದರಾಯಿತು. 1959ರ ನಂತರ ಬಂದು ನೆಲೆಸಿದ ಟಿಬೆಟನ್ನರ ಅಜ್ಜ ಅಜ್ಜಿಯರು ಬೆಳಿಗ್ಗೆ, ಸಂಜೆ ಇದೇ ಕೆಲಸ ಮಾಡುತ್ತಿರುತ್ತಾರೆ. ಭೂಕಂಪದಲ್ಲಿ ಬಿರುಕು ಬಿಟ್ಟ ಶಿಖರವನ್ನು ಮತ್ತೆ ಕಟ್ಟಿ 2016ರ ನವೆಂಬರ್‌ನಲ್ಲಿ ತೆರೆದರು. ಟ್ಯಾಕ್ಸಿಯದೇ ತಲೆನೋವು: ಮೀಟರ್ ಹಾಕಿ ಎಂದರೆ ನಗುತ್ತಾರೆ. ಪಠಾವ್ ಅಥವಾ ಇನ್‌ಡ್ರೈವ್ ಆ್ಯಪ್ ಇಟ್ಟುಕೊಂಡರೆ ಚೌಕಾಸಿ ಕಡಿಮೆ.

ನನ್ನನ್ನು ಕೇಳಿದರೆ ಇಡೀ ದಿನಕ್ಕೆ ಯಾರನ್ನೂ ಗೊತ್ತುಮಾಡಬೇಡಿ. ಮುಂಜಾನೆ ಪಶುಪತಿ, ಅಲ್ಲಿಂದ ನಡೆದು ಬೌಧ, ತಿಂಡಿ. ಹತ್ತರ ನಂತರ ಅರ್ಧ ದಿನಕ್ಕೆ ಪರವಾನಗಿ ಇರುವ ಗೈಡ್ ಮತ್ತು ಕಾರು, ಸ್ವಯಂಭೂ ಹಾಗೂ ಪಾಟನ್‌ಗೆ ಮಾತ್ರ. ಅಂಗಡಿಗೆ ಹೋಗುವುದಿಲ್ಲ ಎಂದು ದರ ಮಾತಾಡುವಾಗಲೇ ಹೇಳಿಬಿಡಿ. ಭಾರತದ 100 ರೂಪಾಯಿಗೆ ಅಲ್ಲಿ 160, ದರ ಯಾವ ರೂಪಾಯಿಯಲ್ಲಿ ಎಂಬುದನ್ನೂ ಆಗಲೇ ಕೇಳಿ. ಸ್ತೂಪಗಳಲ್ಲಿ ಸಾರ್ಕ್ ದೇಶದವರಿಗೆ, ಅಂದರೆ ಭಾರತವೂ ಸೇರಿದ ದಕ್ಷಿಣ ಏಷ್ಯಾದ ಕೂಟದವರಿಗೆ, ಟಿಕೆಟ್ ಕಡಿಮೆ, ಗುರುತಿನ ಚೀಟಿ ಜೇಬಿನಲ್ಲಿರಲಿ. ಚರ್ಮದ ಬೆಲ್ಟ್ ರೂಮಿನಲ್ಲೇ ಬಿಟ್ಟು ಹೊರಡಿ, ಪಶುಪತಿಯ ಬಾಗಿಲಲ್ಲಿ ಬಿಚ್ಚಿಸುತ್ತಾರೆ.