ಒಂದೇ ನದಿ, ಮೂರು ಸವಕಳಿ ನಕ್ಷೆ: ನಾನು ಮಾಡಿ ನೋಡಿದ ಹೋಲಿಕೆ

ಒಂದು ಚಿಕ್ಕ ನದಿಯ ಜಲಾನಯನ ಪ್ರದೇಶದಲ್ಲಿ ಮಣ್ಣು ಎಲ್ಲಿ ಜಾಸ್ತಿ ಕೊಚ್ಚಿ ಹೋಗುತ್ತದೆ ಎಂದು ತಿಳಿಯಲು ಮೂರು ವಿಧಾನಗಳಲ್ಲಿ ನಕ್ಷೆ ಮಾಡಿದೆ: ಆರ್‌ಯುಎಸ್‌ಎಲ್‌ಇ (ಸವಕಳಿ ಲೆಕ್ಕ ಹಾಕುವ ಸೂತ್ರ), ಎಎಚ್‌ಪಿ (ಅಂಶಗಳಿಗೆ ಅಂಕ ಕೊಟ್ಟು ತೂಗುವ ವಿಧಾನ) ಮತ್ತು ರ‍್ಯಾಂಡಮ್ ಫಾರೆಸ್ಟ್ (ಉದಾಹರಣೆ ನೋಡಿ ಕಲಿಯುವ ಕಂಪ್ಯೂಟರ್ ವಿಧಾನ). ಮೂರಕ್ಕೂ ಎತ್ತರದ ಮಾಹಿತಿ ಒಂದೇ, 2000ದಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಎಸ್‌ಆರ್‌ಟಿಎಂ, 30 ಮೀಟರ್ ಚೌಕಗಳದ್ದು. ಹಸಿರು ಹೊದಿಕೆಗೆ ಸೆಂಟಿನೆಲ್-2 ಉಪಗ್ರಹದ ಚಿತ್ರ. ನಕ್ಷೆಯಲ್ಲಿ ಕೆಂಪು ಅಂದರೆ ಸವಕಳಿ ಜಾಸ್ತಿ. ಆದರೂ ಮೂರು ನಕ್ಷೆಗಳು ಬೇರೆ ಬೇರೆ ಕಡೆ ಕೆಂಪಾದವು. ಬದು ಮೊದಲು ಎಲ್ಲಿ ಹಾಕಬೇಕು ಅನ್ನುವುದು ಆ ಕೆಂಪು ನೋಡಿಯೇ ತೀರ್ಮಾನವಾಗುತ್ತದೆ, ಅಲ್ವಾ?

ಆರ್‌ಯುಎಸ್‌ಎಲ್‌ಇ ಐದು ಅಂಶಗಳನ್ನು ಗುಣಿಸುತ್ತದೆ: ಮಳೆಯ ಹೊಡೆತ, ಮಣ್ಣಿನ ಗುಣ, ಇಳಿಜಾರು, ಹೊದಿಕೆ, ಬದುವಿನಂಥ ತಡೆ. ಉತ್ತರ ಹೆಕ್ಟೇರಿಗೆ ವರ್ಷಕ್ಕೆ ಇಷ್ಟು ಟನ್ ಎಂದು ಬರುತ್ತದೆ. ಇದರ ಮೂಲ ಸೂತ್ರ ವಿಷ್‌ಮೈಯರ್ ಮತ್ತು ಸ್ಮಿತ್ ಅವರದು. 22.13 ಮೀಟರ್ ಉದ್ದ, ಶೇ. 9 ಇಳಿಜಾರಿನ ಹೊಲದ ತುಂಡನ್ನು ಅಳತೆಗೋಲಾಗಿ ಇಟ್ಟುಕೊಂಡ ಲೆಕ್ಕ ಅದು. ಪರಿಷ್ಕರಿಸಿದ ಕೈಪಿಡಿ 1997ರಲ್ಲಿ ಬಂತು.

ಮೊದಲ ಸಲ ನಾನು ತಪ್ಪಿದ್ದು ಹೊದಿಕೆಯಲ್ಲಿ. ಮೋಡವಿಲ್ಲದ ಚಿತ್ರ ಬೇಕೆಂದು ಮಳೆಗಾಲ ಮುಗಿದ ಮೇಲಿನದನ್ನು ತೆಗೆದುಕೊಂಡೆ. ಹೊಲಗಳೆಲ್ಲ ಹಸಿರು, ಸವಕಳಿ ತೀರಾ ಕಡಿಮೆ! ಆದರೆ ಮಣ್ಣು ಹೋಗುವುದು ಉತ್ತು ಬಿಟ್ಟ ಬರಿ ನೆಲದ ಮೇಲೆ ಮೊದಲ ಜೋರು ಮಳೆ ಬಿದ್ದಾಗ. ಬಿತ್ತನೆಗೆ ಮುಂಚಿನ ಚಿತ್ರ ಹಾಕಿದ ಮೇಲೆ ನದಿಗೆ ಹತ್ತಿರದ ಹೊಲಗಳು ಕೆಂಪಾದವು. ನಡೆದು ನೋಡಿದೆ. ಅಲ್ಲಿ ಮಣ್ಣು ಕೊಚ್ಚಿ ಹೋಗಿ ಬೇರುಗಳು ಹೊರಗೆ ಕಾಣುತ್ತಿದ್ದವು. ಇನ್ನೊಂದು ಕೊರತೆ ಹಾಗೇ ಉಳಿಯಿತು: ಬರಿ ಬಂಡೆಯ ಗುಡ್ಡವೂ ಕಡುಕೆಂಪು. ಕೊಚ್ಚಿ ಹೋಗಲು ಅಲ್ಲಿ ಮಣ್ಣೇ ಇಲ್ಲ. ಬಂಡೆಯ ಜಾಗವನ್ನು ಕೈಯಿಂದಲೇ ತೆಗೆಯಬೇಕಾಯಿತು.

ಎಎಚ್‌ಪಿ ಥಾಮಸ್ ಸಾಟಿ ರೂಪಿಸಿದ ವಿಧಾನ. ಎರಡೆರಡು ಅಂಶಗಳನ್ನು ಹೋಲಿಸಿ 1ರಿಂದ 9ರವರೆಗೆ ಅಂಕ ಕೊಡುತ್ತೇವೆ. ಏಳು ಅಂಶ ಇದ್ದರೆ 21 ಹೋಲಿಕೆ. ಮಳೆಯ ಹಳೆಯ ದಾಖಲೆ ಸರಿಯಾಗಿ ಸಿಗದ ಕಡೆಯೂ ನಡೆಯುತ್ತದೆ, ಬೇಗ ಮುಗಿಯುತ್ತದೆ. ಆದರೆ ಇದು ಅಂಕಗಳನ್ನು ಕೂಡುತ್ತದೆ, ಗುಣಿಸುವುದಿಲ್ಲ. ನನ್ನ ಮಟ್ಟಿಗೆ ಇಡೀ ಹೋಲಿಕೆಯ ತಿರುಳು ಇದೇ. ಗುಣಿಸಿದರೆ ದಟ್ಟ ಕಾಡಿನ ಹೊದಿಕೆ ಕಡಿದಾದ ಇಳಿಜಾರನ್ನೂ ತಣಿಸುತ್ತದೆ. ಕೂಡಿದರೆ ಇಳಿಜಾರಿನ ಅಂಕ ಹಾಗೇ ಉಳಿದು, ಕಾಡು ಸುಮ್ನೆ ಅಪಾಯದ ಪಟ್ಟಿಗೆ ಸೇರುತ್ತದೆ. ನನ್ನ ನಕ್ಷೆಯಲ್ಲಿ ಹಾಗೇ ಆಯಿತು. ಹೊಂದಾಣಿಕೆಯ ಅನುಪಾತ ಒಪ್ಪಬಹುದಾದ ಮಿತಿಯಾದ 0.10ಕ್ಕಿಂತ ಕಡಿಮೆಯೇ ಇತ್ತು. ನನ್ನ ಅಂಕಗಳು ಒಂದಕ್ಕೊಂದು ವಿರುದ್ಧವಾಗಿಲ್ಲ ಎಂದಷ್ಟೇ ಅದು ಹೇಳುತ್ತದೆ, ಅಂಕಗಳು ಸರಿ ಎಂದಲ್ಲ.

ರ‍್ಯಾಂಡಮ್ ಫಾರೆಸ್ಟ್‌ಗೆ ಕೊರಕಲುಗಳನ್ನು ಗುರುತಿಸಿ ಕೊಟ್ಟೆ. ಆರ್‌ಯುಎಸ್‌ಎಲ್‌ಇ ಕೊರಕಲುಗಳ ಲೆಕ್ಕ ಹಿಡಿಯುವುದೇ ಇಲ್ಲ, ಹಾಗಾಗಿ ಇದರ ಮೇಲೆ ಆಸೆ ಜಾಸ್ತಿ ಇತ್ತು. ಪರೀಕ್ಷೆಯಲ್ಲಿ ಅಂಕವೂ ಚೆನ್ನಾಗಿ ಬಂತು. ಆಮೇಲೆ ನೋಡಿದರೆ ಅದು ಹಿಡಿದುಕೊಂಡಿದ್ದು ರಸ್ತೆಯನ್ನು! ನಾನು ಕೊರಕಲು ಗುರುತಿಸಿದ್ದು ಹೆಚ್ಚಾಗಿ ರಸ್ತೆ ಬದಿಯಲ್ಲೇ. ಅಕ್ಕಪಕ್ಕದ ಬಿಂದುಗಳನ್ನೇ ಕಲಿಕೆಗೂ ಪರೀಕ್ಷೆಗೂ ಹಂಚಿದ್ದರಿಂದ ಅಂಕ ಉಬ್ಬಿತ್ತು. ಒಂದು ಉಪನದಿಯಲ್ಲಿ ಕಲಿಸಿ ಇನ್ನೊಂದರಲ್ಲಿ ಪರೀಕ್ಷಿಸಿದಾಗ ಅಂಕ ಇಳಿಯಿತು.

ಒಂದನ್ನೇ ಆರಿಸು ಎಂದರೆ ನಾನು ಆರ್‌ಯುಎಸ್‌ಎಲ್‌ಇ ಆರಿಸುತ್ತೇನೆ. ಅದು ಕೊಡುವ ಟನ್ ಲೆಕ್ಕವನ್ನು ಅಕ್ಷರಶಃ ನಂಬುವುದಿಲ್ಲ. ಆದರೆ ಒಂದು ಚೌಕ ಯಾಕೆ ಕೆಂಪಾಗಿದೆ ಎಂದು ಅಂಶಗಳನ್ನು ಒಂದೊಂದಾಗಿ ತೆರೆದು ನೋಡಬಹುದು. ಹೊದಿಕೆಯಿಂದ ಕೆಂಪಾಗಿದ್ದರೆ ಹುಲ್ಲು, ಇಳಿಜಾರಿನಿಂದಾದರೆ ಬದು. ಕೊರಕಲುಗಳನ್ನು ಉಪಗ್ರಹ ಚಿತ್ರ ನೋಡಿ ಕೈಯಿಂದ ಎಳೆದು ಅದರ ಮೇಲೆ ಇಡುತ್ತೇನೆ. ಎರಡೂ ಸೇರುವ ಜಾಗಗಳಿಗೆ ಮೊದಲು ನಡೆದು ಹೋಗುತ್ತೇನೆ.