ಗ್ರನಾದಾದಲ್ಲಿ ಎರಡು ವಾಸ: ಅಜ್ಜಿಯ ಮನೆ ಮತ್ತು ಹಂಚಿಕೊಂಡ ಫ್ಲ್ಯಾಟ್

ಸ್ಪೇನಿನ ದಕ್ಷಿಣದಲ್ಲಿರುವ ಗ್ರನಾದಾ ನಗರದಲ್ಲಿ ನಾನು 2018ರ ಸೆಪ್ಟೆಂಬರಿನಿಂದ 2019ರ ಜೂನ್‌ವರೆಗೆ ಓದಿದೆ. ಹನ್ನೊಂದನೆಯ ವಯಸ್ಸಿಗೆ ಶಿವಮೊಗ್ಗ ಬಿಟ್ಟು ಅಪ್ಪ ಅಮ್ಮನ ಜೊತೆ ಅಮೆರಿಕಕ್ಕೆ ಹೋದವಳು ನಾನು. ಓಹಾಯೋದ ವಿಶ್ವವಿದ್ಯಾಲಯವೊಂದರಲ್ಲಿ ಮೂರನೆಯ ವರ್ಷದ ಪದವಿ ಓದುತ್ತಿದ್ದಾಗ, ಅಲ್ಲಿನ ಕೆಲವು ವಿದ್ಯಾರ್ಥಿಗಳಂತೆ ಒಂದು ವರ್ಷ ಹೊರದೇಶದಲ್ಲಿ ಕಳೆಯುವ ಅವಕಾಶವನ್ನು ಆರಿಸಿಕೊಂಡೆ. ಹೀಗೆ ಹೋಗುವ ಅಮೆರಿಕನ್ ವಿದ್ಯಾರ್ಥಿಗಳು ಮೊದಲು ಎದುರಿಸುವ ಪ್ರಶ್ನೆ ವಾಸದ್ದು: ಸ್ಥಳೀಯರೊಬ್ಬರ ಮನೆಯಲ್ಲಿ ಊಟ ವಸತಿ ಸಹಿತ ಇರುವುದೋ, ಇತರ ವಿದ್ಯಾರ್ಥಿಗಳೊಂದಿಗೆ ಬಾಡಿಗೆ ಫ್ಲ್ಯಾಟ್ ಹಂಚಿಕೊಳ್ಳುವುದೋ? ಮೊದಲ ಐದು ತಿಂಗಳು ರೆಯಲೆಹೋ ಬಡಾವಣೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ವಿಧವೆ ಅಜ್ಜಿಯ ಮನೆಯಲ್ಲಿಯೂ, ಕೊನೆಯ ಐದು ತಿಂಗಳು ಕಮೀನೊ ದೆ ರೊಂದಾ ಎಂಬ ದೊಡ್ಡ ರಸ್ತೆಯ ಸಮೀಪ ಇಬ್ಬರು ಸ್ಪ್ಯಾನಿಷ್ ಹುಡುಗಿಯರ ಜೊತೆಗಿನ ಫ್ಲ್ಯಾಟಿನಲ್ಲಿಯೂ ಇದ್ದುದರಿಂದ ಎರಡರ ಬಗ್ಗೆಯೂ ಅನುಭವದಿಂದ ಹೇಳಬಲ್ಲೆ. ನಡುವೆ ಹನ್ನೆರಡು ದಿನ ಒಂದು ವಿದ್ಯಾರ್ಥಿನಿಲಯದಲ್ಲಿಯೂ ಇದ್ದೆ. ಅಲ್ಲಿ ಕೋಣೆ ಬೆಚ್ಚಗಿತ್ತು, ಊಟ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು; ಆದರೆ ಪಕ್ಕದ ಕೋಣೆಗಳಲ್ಲೆಲ್ಲ ನನ್ನಂತೆಯೇ ಅಮೆರಿಕದಿಂದ ಬಂದವರಿದ್ದು ದಿನವಿಡೀ ಇಂಗ್ಲಿಷೇ ಕಿವಿಗೆ ಬೀಳುತ್ತಿದ್ದುದರಿಂದ ಅದನ್ನು ಈ ಹೋಲಿಕೆಯಿಂದ ಕೈಬಿಡುತ್ತೇನೆ.

ಸ್ಪೇನ್ ಎಂದರೆ ಬಿಸಿಲು ಎಂದುಕೊಂಡು ಹೋದವರಿಗೆ ಗ್ರನಾದಾ ಬೇರೆಯೇ ಪಾಠ ಕಲಿಸುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಬೆನ್ನಿಗೆ 3,400 ಮೀಟರಿಗೂ ಮಿಕ್ಕಿ ಏರಿದ ಸಿಯೆರಾ ನೆವಾದಾ ಪರ್ವತಗಳು ಹಿಮ ಹೊದ್ದು ನಿಂತಿರುತ್ತವೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಯ ಆಸುಪಾಸಿಗೆ ಇಳಿಯುತ್ತದೆ. ಓಹಾಯೋದ ಚಳಿ ಇದಕ್ಕಿಂತ ಎಷ್ಟೋ ಕಠಿಣ, ಆದರೆ ಅಲ್ಲಿ ಬಾಗಿಲು ದಾಟಿ ಒಳಗೆ ಬಂದರೆ ಇಡೀ ಮನೆ ಬೆಚ್ಚಗಿರುತ್ತದೆ. ಗ್ರನಾದಾದ ಹಳೆಯ ಮನೆಗಳು ಬೇಸಿಗೆಯ ಧಗೆಯನ್ನು ತಡೆಯಲೆಂದು ಕಟ್ಟಿದವು: ದಪ್ಪ ಗೋಡೆ, ಹೆಂಚುಬಿಲ್ಲೆಯ ನೆಲ, ಕಿಟಕಿಗೆ ಸುರುಳಿ ಬಾಗಿಲು. ಚಳಿಗಾಲದಲ್ಲಿ ಅವುಗಳೊಳಗಿನ ತಂಪು ಮೂಳೆಗೆ ಇಳಿಯುತ್ತದೆ. ಈ ವಿಷಯವನ್ನು ಮೊದಲೇ ಎತ್ತಿಕೊಳ್ಳಲು ಕಾರಣವಿದೆ. ಮನೆಯ ಯಾವ ಮೂಲೆಯಲ್ಲಿ ಬಿಸಿಯಿದೆಯೋ ಜನ ಅಲ್ಲಿ ಸೇರುತ್ತಾರೆ, ಜನ ಸೇರಿದಲ್ಲಿ ಮಾತು ನಡೆಯುತ್ತದೆ, ಮಾತು ನಡೆದಲ್ಲಿ ಭಾಷೆ ಬರುತ್ತದೆ. ಎರಡು ವಾಸಗಳ ನಡುವಿನ ನಿಜವಾದ ವ್ಯತ್ಯಾಸ ಹುಟ್ಟಿದ್ದು ಇಲ್ಲಿಯೇ ಎಂದು ನನಗೆ ಈಗ ಖಚಿತವಾಗಿದೆ.

ಅಜ್ಜಿಯ ಮನೆಯ ನಡುಮನೆಯಲ್ಲಿ ಒಂದು ದುಂಡು ಮೇಜಿತ್ತು. ಅದಕ್ಕೆ ಮೆಸಾ ಕಮೀಯಾ ಎನ್ನುತ್ತಾರೆ. ನೆಲ ಮುಟ್ಟುವಷ್ಟು ಉದ್ದದ ದಪ್ಪ ಬಟ್ಟೆಯನ್ನು ಮೇಜಿನ ಸುತ್ತ ಇಳಿಬಿಟ್ಟು, ಕೆಳಗಿನ ಹಲಗೆಯ ನಡುವಿನ ದುಂಡನೆಯ ಕಂಡಿಯಲ್ಲಿ ಬ್ರಸೇರೊ ಎಂಬ ವಿದ್ಯುತ್ ಅಗ್ಗಿಷ್ಟಿಕೆಯನ್ನು ಇಟ್ಟಿರುತ್ತಾರೆ. ಹಿಂದಿನ ಕಾಲದಲ್ಲಿ ಅದೇ ಜಾಗದಲ್ಲಿ ಕೆಂಡದ ತಟ್ಟೆ ಇರುತ್ತಿತ್ತಂತೆ. ಬಟ್ಟೆಯನ್ನು ಎತ್ತಿ ತೊಡೆಯ ಮೇಲೆ ಎಳೆದುಕೊಂಡು ಕುಳಿತರೆ ಸೊಂಟದಿಂದ ಕೆಳಗೆ ಬಿಸಿ, ಬೆನ್ನು ಮಾತ್ರ ತಣ್ಣಗೆ. ನವೆಂಬರಿನಲ್ಲಿ ಆ ಬ್ರಸೇರೊ ಹೊರಬಂದ ದಿನದಿಂದ ನಾನು ಕೋಣೆಯಲ್ಲಿ ಓದುವುದನ್ನೇ ನಿಲ್ಲಿಸಿದೆ. ಪುಸ್ತಕ ಹಿಡಿದು ಅಲ್ಲಿ ಕುಳಿತರೆ ಎದುರಿಗೆ ಅಜ್ಜಿ ಹೆಣಿಗೆ ಹಿಡಿದು ಕುಳಿತಿರುತ್ತಿದ್ದರು. ಮೂರು ಗಂಟೆಯ ಟಿವಿ ವಾರ್ತೆ, ಬೀದಿಯ ಸುದ್ದಿ, ಹಾಏನ್ ಊರಿನಲ್ಲಿದ್ದ ತಂಗಿಯ ಮಂಡಿನೋವು, ಹೀಗೆ ಒಂದರ ಬೆನ್ನಿಗೊಂದು ಮಾತು ಬರುತ್ತಿತ್ತು. ಊಟವಾದ ಮೇಲೂ ಮೇಜಿನಿಂದ ಏಳದೆ ಹರಟುವ ಹೊತ್ತಿಗೆ ಸ್ಪ್ಯಾನಿಷಿನಲ್ಲಿ ಸೊಬ್ರೆಮೆಸಾ ಎಂಬ ಪದವೇ ಇದೆ. ಆ ಹೊತ್ತಿನಲ್ಲಿ ಕಲಿತಷ್ಟನ್ನು ನಾನು ತರಗತಿಯಲ್ಲಿ ಕಲಿಯಲಿಲ್ಲ.

ಫ್ಲ್ಯಾಟಿಗೆ ಹೋದದ್ದು ಫೆಬ್ರವರಿಯ ಮೊದಲ ವಾರ. ಅಲ್ಲಿ ಮೂವರಿಗೂ ಮೂರು ಕೋಣೆ, ಕೋಣೆಗೊಂದು ಸಣ್ಣ ಹೀಟರ್. ಹಜಾರ ಐಸ್‌ಪೆಟ್ಟಿಗೆಯಂತಿದ್ದುದರಿಂದ ಎಲ್ಲರೂ ತಟ್ಟೆ ಹಿಡಿದು ತಮ್ಮ ತಮ್ಮ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಒಂದೇ ಸೂರಿನಡಿ ಇದ್ದೂ ಮೊದಲ ಮೂರು ವಾರ ಅವರೊಂದಿಗೆ ನಾನಾಡಿದ ಮಾತು ಅಜ್ಜಿಯೊಂದಿಗೆ ಒಂದು ಮಧ್ಯಾಹ್ನ ಆಡುತ್ತಿದ್ದಷ್ಟೂ ಇರಲಿಲ್ಲ. ಆ ವಾರಗಳು ಬಹಳ ಒಂಟಿಯಾಗಿದ್ದವು. ಮನೆಗೆ ಒಪ್ಪಂದವಾಗಿದ್ದ ವಿದ್ಯುತ್ ಸಾಮರ್ಥ್ಯ 3.45 ಕಿಲೋವ್ಯಾಟ್ ಮಾತ್ರ. ಎರಡು ಹೀಟರ್ ಉರಿಯುತ್ತಿರುವಾಗ ಯಾರಾದರೂ ಬಟ್ಟೆ ಯಂತ್ರ ಹಾಕಿದರೆ ಫಟ್ಟನೆ ಎಲ್ಲವೂ ಆರಿಹೋಗುತ್ತಿತ್ತು. ಮೊದಲ ಸಲ ಹಾಗಾದಾಗ ಕತ್ತಲಿನಲ್ಲಿ ಆ ಇಬ್ಬರಲ್ಲಿ ಅಲ್ಮೆರಿಯಾ ಊರಿನ ಹುಡುಗಿ ಕೂಗಿದ ಮಾತಿನ ಅಕ್ಷರಶಃ ಅರ್ಥ ‘ಬೆಳಕು ಹೋಯಿತು’ ಎಂದು. ಕರೆಂಟು ಹೋದಾಗ ನಮ್ಮ ಮನೆಯಲ್ಲಿ ‘ಲೈಟು ಹೋಯ್ತು’ ಎನ್ನುವುದೂ ಅದೇ ಅಲ್ಲವೇ ಎಂದು ನಾನು ಹೇಳಿದೆ. ಮೂವರೂ ಹಜಾರದಲ್ಲಿ ಮೊಬೈಲಿನ ಬೆಳಕು ಹಿಡಿದುಕೊಂಡು ಸ್ವಿಚ್ ಪೆಟ್ಟಿಗೆ ಹುಡುಕಿದ ಆ ರಾತ್ರಿ ನಮ್ಮ ನಡುವೆ ಮೊದಲ ಬಾರಿ ಉದ್ದನೆಯ ಮಾತುಕತೆ ನಡೆಯಿತು.

ಭಾಷೆಯ ವಿಷಯದಲ್ಲಿ ಕನ್ನಡ ಬಲ್ಲವರಿಗೆ ಇರುವ ಅನುಕೂಲವನ್ನು ಇಲ್ಲಿ ಹೇಳಲೇಬೇಕು. ಸ್ಪ್ಯಾನಿಷಿನ ತಕಾರ ದಕಾರಗಳಿಗೆ ನಾಲಗೆ ಹಲ್ಲಿಗೆ ತಾಗಬೇಕು, ಪದದ ಆರಂಭದಲ್ಲಿ ಕ, ತ, ಪಗಳಿಗೆ ಉಸಿರು ಸೇರಬಾರದು. ನನ್ನ ಅಮೆರಿಕನ್ ಸಹಪಾಠಿಗಳು ತಿಂಗಳುಗಟ್ಟಲೆ ಹೆಣಗಿದ ಈ ಉಚ್ಚಾರ ನನಗೆ ತಾಯ್ನುಡಿಯಿಂದಲೇ ಬಂದಿತ್ತು. ‘ಮೆ ಗುಸ್ತಾ’ ಎಂಬುದನ್ನು ಇಂಗ್ಲಿಷಿನ ದಾರಿಯಲ್ಲಿ ಅರ್ಥಮಾಡಿಕೊಳ್ಳಲು ಅವರಿಗೆ ಕಷ್ಟವಾಗುತ್ತಿತ್ತು. ನನಗೋ ಅದು ನೇರವಾಗಿ ‘ನನಗೆ ಇಷ್ಟ’. ಅಜ್ಜಿ ರಾತ್ರಿ ಮಲಗುವ ಮುನ್ನ ‘ಕೆ ದೆಸ್ಕಾನ್ಸೆಸ್’ ಎಂದು ಹಾರೈಸುತ್ತಿದ್ದರು. ವ್ಯಾಕರಣದ ಪುಸ್ತಕ ಹತ್ತು ಪುಟಗಳಲ್ಲಿ ವಿವರಿಸುವ ಆ ಕ್ರಿಯಾರೂಪ ಬಹುಪಾಲು ನಮ್ಮ ‘ಒಳ್ಳೆಯ ನಿದ್ದೆ ಬರಲಿ’ ಎಂಬುದರಲ್ಲಿನ ‘ಲಿ’ ಎಂದು ಹೊಳೆದ ಮೇಲೆ ನನ್ನ ಭಯ ಹೋಯಿತು. ಆದರೆ ಅದನ್ನು ಬಾಯಿಗೆ ತಂದುಕೊಂಡದ್ದು ಫ್ಲ್ಯಾಟಿನಲ್ಲಿ. ಅಜ್ಜಿಯ ಮನೆಯಲ್ಲಿ ನಾನು ಮುಖ್ಯವಾಗಿ ಕೇಳುವವಳು. ಅವರು ನನ್ನ ಅರ್ಧ ವಾಕ್ಯವನ್ನು ತಾವೇ ಪೂರ್ತಿ ಮಾಡಿ ಮುಂದಕ್ಕೆ ಹೋಗುತ್ತಿದ್ದರು. ಫ್ಲ್ಯಾಟಿನಲ್ಲಿ ಪಾತ್ರೆ ಯಾರು ತೊಳೆಯಬೇಕು, ಈ ತಿಂಗಳ ನೀರಿನ ಬಿಲ್ಲು ಯಾರು ಕಟ್ಟಬೇಕು, ಶುಕ್ರವಾರ ರಾತ್ರಿ ಸ್ನೇಹಿತರನ್ನು ಕರೆಯಬಹುದೇ ಎಂದು ವಾದಿಸುವಾಗ ನನ್ನ ವಾಕ್ಯವನ್ನು ಮುಗಿಸಿಕೊಡುವವರು ಯಾರೂ ಇರಲಿಲ್ಲ. ಹಾಏನ್ ಮತ್ತು ಅಲ್ಮೆರಿಯಾದ ಆ ಇಬ್ಬರು ಹುಡುಗಿಯರು ಪದದ ಕೊನೆಯ ಸಕಾರವನ್ನು ನುಂಗಿ, ಅದರ ಬದಲು ಸ್ವರವನ್ನೇ ಅಗಲಿಸಿ ಆಡುವ ದಕ್ಷಿಣ ಸ್ಪೇನಿನ ಆಂದಲೂಸಿಯಾ ಪ್ರಾಂತ್ಯದ ಪೂರ್ವಭಾಗದ ಮಾತಿಗೆ ನನ್ನ ಕಿವಿ ಹೊಂದಿಕೊಂಡಿದ್ದು ಅಜ್ಜಿಯಿಂದಲೇ. ಆ ಐದು ತಿಂಗಳು ಇರದಿದ್ದರೆ ಫ್ಲ್ಯಾಟಿನ ವಾದಗಳಲ್ಲಿ ನಾನು ಮೂಕಿಯಾಗಿ ನಿಲ್ಲುತ್ತಿದ್ದೆ.

ಊಟದ ವಿಷಯಕ್ಕೆ ಬಂದರೆ ತೂಕ ಮತ್ತೆ ಅಜ್ಜಿಯ ಕಡೆಗೇ ವಾಲುತ್ತದೆ, ಆದರೆ ಆರಂಭ ಚೆನ್ನಾಗಿರಲಿಲ್ಲ. ನಾನು ಮೊಟ್ಟೆ ತಿನ್ನುವ ಸಸ್ಯಾಹಾರಿ ಎಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರೂ ವಸತಿ ಗೊತ್ತುಮಾಡಿದ ಸಂಸ್ಥೆ ಅದನ್ನು ಅವರಿಗೆ ತಿಳಿಸಿಯೇ ಇರಲಿಲ್ಲ. ಮೊದಲ ಸೋಮವಾರ ಲೆಂತೇಹಾಸ್ ಎಂಬ ಕಂದು ಮಸೂರಬೇಳೆಯ ಸಾರು ಬಂತು, ಅದರಲ್ಲಿ ಚೊರೀಸೊ ಎಂಬ ಹಂದಿಮಾಂಸದ ತುಂಡುಗಳು ತೇಲುತ್ತಿದ್ದವು. ನಾನು ಹಿಂಜರಿಯುತ್ತಾ ಹೇಳಿದಾಗ ಅಜ್ಜಿ ತುಂಡುಗಳನ್ನು ಸೌಟಿನಿಂದ ತೆಗೆದು ತಟ್ಟೆಯನ್ನು ಮತ್ತೆ ಮುಂದಿಟ್ಟರು. ಅವರ ಮಟ್ಟಿಗೆ ಈಗ ಅದು ಬರೀ ಬೇಳೆ. ಆ ದಿನ ಬ್ರೆಡ್ಡು, ಆಲಿವ್ ಎಣ್ಣೆ, ಟೊಮೇಟೊದಲ್ಲಿ ಊಟ ಮುಗಿಯಿತು. ಸ್ಪೇನಿನಲ್ಲಿ ಮಾಂಸ ಬೇಡವೆಂದರೆ ಅನೇಕರು ಟ್ಯೂನಾ ಮೀನು ಹಾಕಿಕೊಡುತ್ತಾರೆ, ಆದ್ದರಿಂದ ‘ಮಾಂಸವೂ ಬೇಡ, ಮೀನೂ ಬೇಡ, ಅದರ ರಸವೂ ಬೇಡ’ ಎಂಬ ಇಡೀ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಹೋಗುವುದು ಒಳ್ಳೆಯದು. ಮುಂದಿನ ಸೋಮವಾರ ಅಜ್ಜಿ ಬೆಳ್ಳುಳ್ಳಿ, ಪಲಾವ್ ಎಲೆಯನ್ನು ಹೋಲುವ ಲೌರೆಲ್ ಎಲೆ, ಕ್ಯಾರೆಟ್, ಕೆಂಪು ಮೆಣಸಿನ ಪುಡಿ ಹಾಕಿ ನನಗಾಗಿಯೇ ಬೇರೆ ಪಾತ್ರೆಯಲ್ಲಿ ಬೇಳೆ ಬೇಯಿಸಿದರು. ಅವರ ಕುಕ್ಕರು ನಮ್ಮದರಂತೆ ಎಣಿಸಿ ಕೂಗುವುದಿಲ್ಲ. ಮುಚ್ಚಳದ ಮೇಲಿನ ತೂಕ ಗಿರಗಿರನೆ ತಿರುಗುತ್ತಾ ಒಂದೇ ಸಮನೆ ಬುಸುಗುಡುತ್ತಿರುತ್ತದೆ. ಆ ಸದ್ದು, ಆ ಬೇಳೆಯ ವಾಸನೆ ಎರಡೂ ಸೇರಿ ನನಗೆ ಶಿವಮೊಗ್ಗದ ಅಡುಗೆಮನೆ ನೆನಪಾಗಿ ಗಂಟಲು ಕಟ್ಟಿತು.

ಊಟದ ಹೊತ್ತು ಮಾತ್ರ ಅವರದೇ. ಮಧ್ಯಾಹ್ನದ ಊಟ ಎರಡೂವರೆಗೆ, ರಾತ್ರಿಯದು ಒಂಬತ್ತೂವರೆಗೆ. ಅಡುಗೆಮನೆಗೆ ನಾನು ಕೈಹಾಕುವಂತಿರಲಿಲ್ಲ. ಸ್ಪೇನ್ 1940ರಲ್ಲಿ ತನ್ನ ಗಡಿಯಾರವನ್ನು ಮಧ್ಯ ಯೂರೋಪಿನ ಸಮಯಕ್ಕೆ ಹೊಂದಿಸಿಕೊಂಡಿತು. ಗ್ರನಾದಾದಲ್ಲಿ ಬೇಸಿಗೆಯ ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಗಡಿಯಾರ ಎರಡು ದಾಟಿರುತ್ತದೆ. ಅಂದರೆ ಅವರ ಎರಡೂವರೆ ಊಟ ಸೂರ್ಯನ ಲೆಕ್ಕದಲ್ಲಿ ತಡವೇನೂ ಅಲ್ಲ. ಇದು ತಿಳಿದ ಮೇಲೂ ಓಹಾಯೋದ ಹೊಟ್ಟೆ ಹನ್ನೆರಡಕ್ಕೇ ಕೂಗುತ್ತಿತ್ತು. ಫ್ಲ್ಯಾಟಿನಲ್ಲಿ ಹಸಿದಾಗ ತಿನ್ನಬಹುದಿತ್ತು, ಎಲ್ವೀರಾ ಬೀದಿಯ ಸುತ್ತಲಿನ ಮೊರೊಕ್ಕೊದವರ ಅಂಗಡಿಗಳಿಂದ ಕೊತ್ತಂಬರಿ, ಜೀರಿಗೆ ತಂದು ಚಿತ್ರಾನ್ನ, ಸಾರು ಮಾಡಿಕೊಳ್ಳಬಹುದಿತ್ತು. ಆದರೂ ಪರೀಕ್ಷೆಯ ದಿನಗಳಲ್ಲಿ ನನ್ನ ಊಟ ಬ್ರೆಡ್ಡು ಚೀಸಿಗೆ ಇಳಿಯಿತು. ಆರೋಗ್ಯದ ದೃಷ್ಟಿಯಿಂದ ಅಜ್ಜಿಯ ಮೇಜೇ ಮೇಲು.

ಸ್ವಾತಂತ್ರ್ಯದ ಬಗ್ಗೆ ನನ್ನ ಅಮೆರಿಕನ್ ಸ್ನೇಹಿತರು ಹೆಚ್ಚು ಚಿಂತಿಸುತ್ತಿದ್ದರು. ನನಗೆ ಅದು ದೊಡ್ಡ ಸಮಸ್ಯೆ ಎನಿಸಲಿಲ್ಲ. ಅಜ್ಜಿ ನನಗೆ ಬೀಗದ ಕೈ ಕೊಟ್ಟಿದ್ದರು, ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಕೇಳುತ್ತಿರಲಿಲ್ಲ. ಅವರು ಗದರಿದ್ದು ಒಂದೇ ವಿಷಯಕ್ಕೆ, ಬರಿಗಾಲಿಗೆ. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬರುವುದು ನಮಗೆ ಮರ್ಯಾದೆ. ಅವರಿಗೆ ಬರಿಗಾಲಿನಲ್ಲಿ ಮನೆಯೊಳಗೆ ಓಡಾಡುವುದು ರೋಗ ತಂದುಕೊಳ್ಳುವ ದಾರಿ. ‘ಇಹಾ, ಕಾಲು!’ ಎಂದು, ಮಗಳೇ ಎನ್ನುವ ಆ ಪದ ಸೇರಿಸಿ ಅವರು ಕೂಗುತ್ತಿದ್ದರು. ಕೊನೆಗೆ ಒಳಗೆ ತೊಡಲೆಂದೇ ಉಣ್ಣೆಯ ಚಪ್ಪಲಿ ತಂದುಕೊಟ್ಟರು.

ಹಣದ ಲೆಕ್ಕ ಚಿಕ್ಕದು. ಫ್ಲ್ಯಾಟಿನ ಕೋಣೆಗೆ ತಿಂಗಳಿಗೆ 260 ಯೂರೋ, ವಿದ್ಯುತ್ತು, ನೀರು, ಇಂಟರ್ನೆಟ್ಟಿಗೆ ನನ್ನ ಪಾಲು 45ರ ಆಸುಪಾಸು, ದಿನಸಿಗೆ 130. ಅಜ್ಜಿಯ ಮನೆಯದ್ದು ಕಾರ್ಯಕ್ರಮದ ಶುಲ್ಕದಲ್ಲಿಯೇ ಸೇರಿದ್ದು, ಮೂರು ಹೊತ್ತಿನ ಊಟ ಮತ್ತು ಬಟ್ಟೆ ಒಗೆತ ಲೆಕ್ಕ ಹಾಕಿದರೂ ಫ್ಲ್ಯಾಟಿಗಿಂತ ಸುಮಾರು ಮೂರನೇ ಒಂದರಷ್ಟು ದುಬಾರಿಯಾಗಿತ್ತು. ಆದರೆ ಫ್ಲ್ಯಾಟಿನ ಖರ್ಚು ಕಾಗದದ ಮೇಲೆ ಕಾಣುವಷ್ಟೇ ಅಲ್ಲ. ಸ್ನಾನದ ನೀರು ಕಾಯಲು ಕಿತ್ತಳೆ ಬಣ್ಣದ ಬ್ಯೂಟೇನ್ ಸಿಲಿಂಡರು ಬೇಕು. ಅದರಲ್ಲಿ ಅನಿಲ 12.5 ಕಿಲೋ, ನಮ್ಮೂರಿನ 14.2 ಕಿಲೋದ ಸಿಲಿಂಡರಿಗಿಂತ ಸ್ವಲ್ಪ ಚಿಕ್ಕದು. ತಲೆಗೆ ಶಾಂಪೂ ಹಾಕಿಕೊಂಡಿರುವಾಗಲೇ ಅದು ಖಾಲಿಯಾದರೆ ಫೆಬ್ರವರಿಯ ತಣ್ಣೀರೇ ಗತಿ, ಹಾಗಾಗಿ ಯಾವಾಗಲೂ ಒಂದು ಹೆಚ್ಚುವರಿ ಸಿಲಿಂಡರು ಮನೆಯಲ್ಲಿರಬೇಕು. ಇನ್ನು ಒಂದು ತಿಂಗಳ ಬಾಡಿಗೆಯಷ್ಟು ಮುಂಗಡದಲ್ಲಿ ಅರ್ಧವನ್ನು ಮನೆ ಮಾಲೀಕರು ಮರಳಿಸಲೇ ಇಲ್ಲ. ನಾವು ಬರುವ ಮೊದಲೇ ಇದ್ದ ಗೋಡೆಯ ತೇವದ ಕಲೆಯನ್ನು ನಮ್ಮ ಲೆಕ್ಕಕ್ಕೆ ಹಾಕಿದರು. ಬೀಗದ ಕೈ ಪಡೆದ ದಿನವೇ ಪ್ರತಿ ಗೋಡೆಯ ಫೋಟೋ ತೆಗೆದು ಅವರಿಗೇ ಕಳುಹಿಸಿದ್ದರೆ ನನ್ನ 130 ಯೂರೋ ಉಳಿಯುತ್ತಿತ್ತು.

ಮಾರ್ಚಿನ ಕೊನೆಗೆ ಚಳಿ ಹೋಯಿತು, ಫ್ಲ್ಯಾಟಿನ ಬಾಗಿಲುಗಳು ತೆರೆದವು. ಹಜಾರಕ್ಕೆ ಜೀವ ಬಂತು, ಬಾಲ್ಕನಿಗೆ ಮೂರು ಕುರ್ಚಿ ಬಂದವು. ಗ್ರನಾದಾದಲ್ಲಿ ಒಂದು ಪಾನೀಯ ಕೊಂಡರೆ ತಾಪಾ ಎಂಬ ಚಿಕ್ಕ ತಟ್ಟೆಯ ತಿನಿಸು ಬಿಟ್ಟಿಯಾಗಿ ಬರುತ್ತದೆ; ಸಂಜೆ ಆ ಹುಡುಗಿಯರ ಜೊತೆ ಹೊರಟರೆ ಅವರ ಸ್ನೇಹಿತರು, ಅವರ ಸ್ನೇಹಿತರ ಸ್ನೇಹಿತರು ಸೇರಿ ಹತ್ತು ಜನರ ಗುಂಪಾಗುತ್ತಿತ್ತು. ಮೇ 3ರ ಶಿಲುಬೆಯ ಹಬ್ಬದಂದು ಹೂವಿನ ಶಿಲುಬೆಗಳನ್ನು ನೋಡುತ್ತಾ ಚೌಕದಿಂದ ಚೌಕಕ್ಕೆ ಅವರೊಂದಿಗೆ ಅಲೆದೆ. ನನ್ನ ವಯಸ್ಸಿನವರ ಇಂಥ ಬದುಕು ಅಜ್ಜಿಯ ಮನೆಯಿಂದ ನನಗೆ ಸಿಕ್ಕಿರಲಿಲ್ಲ, ಸಿಗುವಂತೆಯೂ ಇರಲಿಲ್ಲ. ಏಪ್ರಿಲ್, ಮೇ ತಿಂಗಳುಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ನಾನು ಫ್ಲ್ಯಾಟನ್ನೇ ಆರಿಸುತ್ತೇನೆ.

ಈಗ ನನ್ನ ಚಿಕ್ಕಪ್ಪನ ಮಗಳು ಅದೇ ಊರಿಗೆ ಹೋಗಲು ಅರ್ಜಿ ಹಾಕಿದ್ದಾಳೆ. ಅವಳಿಗೆ ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ಮನೆ, ಮಾರ್ಚಿನಿಂದ ಫ್ಲ್ಯಾಟ್ ಎಂದು ಹೇಳಿದ್ದೇನೆ. ನಾನು ಒಂದು ತಿಂಗಳು ಮೊದಲೇ ಹೊರಬಿದ್ದು ತಪ್ಪು ಮಾಡಿದೆ. ಒಂದೇ ಸೆಮಿಸ್ಟರಿಗೆ ಹೋಗುವವರಾದರೆ ಶರತ್ಕಾಲಕ್ಕೆ ಮನೆಯೇ ಸರಿ. ವಸಂತಕ್ಕೆ ಹೋಗುವವರು ಮಾತು ಸಾಕಷ್ಟು ಬರುತ್ತಿದ್ದರೆ ಮಾತ್ರ ಫ್ಲ್ಯಾಟ್ ಹಿಡಿಯಲಿ, ಅದೂ ಸ್ಪ್ಯಾನಿಷ್ ಆಡುವವರ ಜೊತೆಗೆ. ಮನೆ ಒಪ್ಪಿಕೊಳ್ಳುವ ಮೊದಲು ಎರಡು ಪ್ರಶ್ನೆಗಳನ್ನು ಬರೆದು ಕೇಳು ಎಂದೂ ಅವಳಿಗೆ ತಿಳಿಸಿದ್ದೇನೆ: ಮನೆಯವರು ನಿನ್ನ ಜೊತೆ ಕುಳಿತು ಊಟ ಮಾಡುತ್ತಾರೆಯೇ, ಮತ್ತು ಆ ಮೇಜಿನ ಕೆಳಗೆ ಬ್ರಸೇರೊ ಇದೆಯೇ?