ಅಪ್ಪನ 1997ರ ಸುಮೋ: ಎರಡು ಸಲ ಬಣ್ಣ ಹೊಡೆಸಿದವನ ವಿಮರ್ಶೆ

ನಮ್ಮ ಟಾಟಾ ಸುಮೋದ ಹಿಂದಿನ ಬಾಗಿಲು ಹಾಕಲು ಒಂದು ವಿದ್ಯೆ ಬೇಕು. ಎಡಗೈಯಲ್ಲಿ ಸ್ಟೆಪ್ನಿಯ ಅಡಿಗೆ ಹಿಡಿದು ಸ್ವಲ್ಪ ಎತ್ತಬೇಕು, ಬಲಗೈಯಲ್ಲಿ ತಳ್ಳಬೇಕು. ಅಷ್ಟು ಭಾರದ ಚಕ್ರವನ್ನು ಬೆನ್ನಿಗೆ ಕಟ್ಟಿಕೊಂಡು ಇಷ್ಟು ವರ್ಷ ತಿರುಗಿದ ಬಾಗಿಲು, ಹಿಂಜ್ ಜಗ್ಗಿದೆ. ಗಾಡಿಗೆ ಮೂರು ಲಕ್ಷದ ಹತ್ತಿರ ಸುರಿದ ಮೇಲೂ ಇದೊಂದು ಹಾಗೇ ಉಳಿದಿದೆ. ಹಳೇ ಗಾಡಿ ಹೊಸದಾಗಿ ಫಳಫಳ ಅನ್ನುವ ಫೋಟೋ ನೋಡಿ ಆಸೆಪಟ್ಟವರು ಮೊದಲು ಈ ಬಾಗಿಲಿನಿಂದಲೇ ಶುರು ಮಾಡಲಿ ಅಂತ ಹೇಳಿದೆ.

ಅಪ್ಪ ಇದನ್ನು ತಂದದ್ದು 1997ರ ನವೆಂಬರ್‌ನಲ್ಲಿ, ಅಡಿಕೆ ಮಾರಿದ ದುಡ್ಡಿನಲ್ಲಿ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಆಗ ಮನೆಯಲ್ಲಿ ಹನ್ನೊಂದು ಜನ. ಹಿಂದೆ ಎದುರುಬದುರು ಉದ್ದ ಸೀಟು, ಅದರಲ್ಲಿ ಮಕ್ಕಳ ಸೈನ್ಯ. ಸುಮೋ ಮಾರುಕಟ್ಟೆಗೆ ಬಂದದ್ದು 1994ರಲ್ಲಿ. ಈ ಹೆಸರು ಜಪಾನಿನ ದಡಿಯ ಪೈಲ್ವಾನರದ್ದು ಅಂತ ನಾನು ಎಷ್ಟೋ ವರ್ಷ ನಂಬಿದ್ದೆ. ಕಂಪನಿಯ ಅಧ್ಯಕ್ಷರಾಗಿದ್ದ ಸುಮಂತ್ ಮೂಳಗಾಂವ್‌ಕರ್ ಹೆಸರಿನ 'ಸು' ಮತ್ತು ಇಂಗ್ಲಿಷಿನಲ್ಲಿ ಬರೆದಾಗ ಬರುವ 'ಮೋ' (Mo) ಸೇರಿಸಿ ಇಟ್ಟದ್ದಂತೆ. ನಮ್ಮ ಅಜ್ಜಿಗೆ ಮಾತ್ರ ಅದು ಕೊನೆವರೆಗೂ ಜೀಪೇ.

2014ರ ಹೊತ್ತಿಗೆ ಅಪ್ಪ ಓಡಿಸುವುದು ನಿಲ್ಲಿಸಿದರು. ಗಾಡಿ ಅಡಿಕೆ ಶೆಡ್ಡಿನ ಮೂಲೆ ಸೇರಿತು. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಹೊಡೆಯುವ ಊರು ನಮ್ಮದು. ಮೇಲೆ ಮಾಡು ಇದ್ದರೂ ಗಾಳಿಯಲ್ಲೇ ನೀರು. ನಡುವೆ ಇಲಿಗಳು ವೈರಿಂಗ್ ತಿಂದು, ಹಿಂದಿನ ಸೀಟಿನ ಸ್ಪಂಜಿನಲ್ಲಿ ಸಂಸಾರ ಮಾಡಿದವು. 2020ರ ಲಾಕ್‌ಡೌನ್‌ನಲ್ಲಿ ಶಾಲೆ ಮುಚ್ಚಿದಾಗ (ನಾನು ಮಾಷ್ಟ್ರು) ಸುಮ್ನೆ ಕೂತು ಬೇಜಾರಾಗಿ ಒಂದು ದಿನ ಅದರ ಬಾನೆಟ್ ಎತ್ತಿದೆ. ಅಲ್ಲಿಂದ ಈ ಹುಚ್ಚು.

ಮಾಡಿದ ಮೊದಲ ತಪ್ಪು ದೊಡ್ಡದು. 2021ರ ಜನವರಿಯಲ್ಲಿ ಪೇಟೆಯ ಒಂದು ವರ್ಕ್‌ಶಾಪಿಗೆ ಕೊಟ್ಟು, "ಬಾಡಿ ಕೆಲಸ ಮಾಡಿ ಬಣ್ಣ ಹೊಡೀರಿ, ಎಂಜಿನ್ ಆಮೇಲೆ ನೋಡುವ" ಅಂದೆ. 48,000 ರೂಪಾಯಿ. ಮೂರು ವಾರಕ್ಕೆ ಗಾಡಿ ಬಂತು, ಮದುಮಗನ ಹಾಗೆ. ಅಮ್ಮ ಆರತಿ ಎತ್ತಿದರು. ನಾನು ಸ್ಟೇಟಸ್ ಹಾಕಿದೆ. ಜೂನ್ ಬಂತು, ಮಳೆ ಬಂತು. ಅಕ್ಟೋಬರಿಗೆ ಹಿಂದಿನ ಚಕ್ರದ ಮೇಲೆ ಅಕ್ಕಿ ಹಪ್ಪಳದ ಗುಳ್ಳೆಯ ಹಾಗೆ ಬಣ್ಣ ಎದ್ದಿತ್ತು. ಉಗುರಲ್ಲಿ ಒತ್ತಿದರೆ ಒಳಗಿಂದ ಕಂದು ನೀರು.

ಆಗ ಯಾರೋ ಹೇಳಿದರು ಅಂತ ಕುಂಬಳೆ ಹತ್ತಿರದ ಒಬ್ಬ ಟಿಂಕರಿಂಗ್ ಕೆಲಸದವರಲ್ಲಿಗೆ ಕೊಂಡುಹೋದೆ. ವಯಸ್ಸಾದ ಇಚ್ಚ (ನಮ್ಮ ಕಡೆ ಮುಸ್ಲಿಂ ಹಿರಿಯರನ್ನು ಅಣ್ಣ ಅನ್ನುವ ಹಾಗೆ ಕರೆಯುವುದು). ಅವರು ಬಣ್ಣ ನೋಡಲೇ ಇಲ್ಲ. ಸೀದಾ ಮುಂದಿನ ಬಾಗಿಲು ತೆಗೆದು, ಮ್ಯಾಟ್ ಎಳೆದು ಹಾಕಿ, ಸ್ಕ್ರೂಡ್ರೈವರಿನ ಹಿಡಿಯಿಂದ ನೆಲ ಬಡಿಯುತ್ತಾ ಹೋದರು. ಟಣ್, ಟಣ್, ಟಣ್, ಆಮೇಲೆ ಡಬ್. ಡಬ್ ಅಂದಲ್ಲಿ ಸ್ಕ್ರೂಡ್ರೈವರ್ ತಿರುಗಿಸಿ ಮೊನೆಯಿಂದ ಒತ್ತಿದರು. ಅದು ಹಲಸಿನ ಹಣ್ಣಿಗೆ ಚೂರಿ ಹೋದ ಹಾಗೆ ಕೆಳಗೆ ಹೋಯಿತು. ನನಗೆ ತೂತಿನಲ್ಲಿ ಅಂಗಳದ ಹುಲ್ಲು ಕಂಡಿತು. ಅವರು ಜೇಬಿನಿಂದ ಒಂದು ಸ್ಪೀಕರಿನ ಅಯಸ್ಕಾಂತ ತೆಗೆದು ಚಕ್ರದ ಮೇಲಿನ ಕಮಾನಿಗೆ ಹಿಡಿದರು. ಅಂಟಲಿಲ್ಲ. ಅಲ್ಲಿ ತಗಡೇ ಇಲ್ಲ, ಬೆರಳು ದಪ್ಪ ಪುಟ್ಟಿ (ತಗ್ಗು ತುಂಬಲು ಮೆತ್ತುವ ಪೇಸ್ಟು).

"ಮಾಷ್ಟ್ರೇ, ಇದಕ್ಕೆ ಪೌಡರ್ ಹಾಕಿದ್ದಾರೆ. ಸ್ನಾನ ಮಾಡಿಸ್ಲಿಲ್ಲ."

ಪುಟ್ಟಿ ಸ್ಪಂಜಿನ ಹಾಗೆ ನೀರು ಹೀರುತ್ತದೆ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಒಳಗೆ ತುಕ್ಕಿಗೆ ಮುಚ್ಚಿದ ಕೋಣೆ ಕಟ್ಟಿಕೊಟ್ಟ ಹಾಗೆ. ಇದು ನನಗೆ ಮೊದಲೇ ಗೊತ್ತಿದ್ದರೆ 48,000 ಉಳಿಯುತ್ತಿತ್ತು. ಹಳೇ ಎಸ್‌ಯುವಿ ಕೊಳ್ಳಲು ಹೋಗುವವರು ಬೇರೇನೂ ಬೇಡ, ಒಂದು ಅಯಸ್ಕಾಂತ ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಂಡು ಹೋಗಿ.

ಎರಡನೇ ಸಲ ಗಾಡಿ ಆರು ತಿಂಗಳು ಇಚ್ಚನ ಶೆಡ್ಡಿನಲ್ಲಿತ್ತು. ಸೀಟು, ಗಾಜು, ಬೀಡಿಂಗ್ ಎಲ್ಲ ಬಿಚ್ಚಿದರು. ಡ್ರೈವರ್ ಕಡೆಯ ನೆಲ, ಎರಡೂ ಚಕ್ರದ ಕಮಾನು, ನಾಲ್ಕು ಬಾಗಿಲಿನ ತಳ ಕತ್ತರಿಸಿ ಹೊಸ ಶೀಟ್ ವೆಲ್ಡ್ ಮಾಡಿದರು. ಚಾಸಿ, ಅಂದರೆ ಅಡಿಯ ಉಕ್ಕಿನ ಚೌಕಟ್ಟು, ಮಾತ್ರ ಗಟ್ಟಿ ಇತ್ತು. ಸುಮೋ ಲಾರಿಯ ಹಾಗೆ ಬೇರೆಯೇ ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿ, ಅದೇ ನಮ್ಮನ್ನು ಉಳಿಸಿದ್ದು. ಈಗಿನ ಹೆಚ್ಚಿನ ಕಾರುಗಳ ಹಾಗೆ ಬಾಡಿಯೇ ಚಾಸಿ ಆಗಿದ್ದರೆ ಇಷ್ಟು ತುಕ್ಕಿಗೆ ಗುಜರಿಯೇ ಗತಿ.

ಕತ್ತರಿಸಲು ಆಗದ ಸಂದಿಗಳಿಗೆ ತುಕ್ಕು ತಡೆಯುವ ದ್ರಾವಣ ಬಳಿದೆವು. ಹಚ್ಚಿದ ಅರ್ಧ ಗಂಟೆಗೆ ಕೆಂಪು ತುಕ್ಕು ಕಪ್ಪಾಯಿತು. ಬಾಟಲಿ ಓದಿದರೆ ಅದರಲ್ಲಿರುವುದು ಟ್ಯಾನಿಕ್ ಆಸಿಡ್. ಹಸಿ ಅಡಿಕೆ ಕೆತ್ತಿದ ಕತ್ತಿ ಕಪ್ಪಾಗುವುದೂ ಇದರಿಂದಲೇ, ಅಡಿಕೆಯ ಚೊಗರು ಕಬ್ಬಿಣಕ್ಕೆ ತಾಗಿ. ಅಡಿಕೆಯಿಂದ ಬಂದ ಗಾಡಿಗೆ ಅಡಿಕೆಯದೇ ಔಷಧಿ ಅಂದೆ. ಇಚ್ಚ ನಗಲಿಲ್ಲ, ಅವರಿಗೆ ಪ್ರೈಮರ್ ಒಣಗುವ ಚಿಂತೆ.

ಗಾಡಿಯ ಅಡಿಭಾಗಕ್ಕೆ ಹಳೇ ಎಂಜಿನ್ ಆಯಿಲ್ ಹೊಡೆಸುವ ಕ್ರಮ ನಮ್ಮಲ್ಲಿ ಉಂಟಲ್ಲ, ಅದನ್ನು ಕೇಳಿದೆ. ಬೈದರು. ಆಯಿಲ್ ತಾಗಿದರೆ ರಬ್ಬರ್ ಬುಶ್‌ಗಳು ಉಬ್ಬಿ ಹಾಳಾಗುತ್ತವೆ. ಎಪಾಕ್ಸಿ ಪ್ರೈಮರ್ ಎರಡು ಕೋಟ್, ಜೋಡಣೆಗಳಿಗೆ ಸೀಲಂಟ್, ಅದರ ಮೇಲೆ ಅಂಡರ್‌ಕೋಟಿಂಗ್. ಬಣ್ಣ ಮೊದಲಿನ ಬಿಳಿಯೇ. ನನಗೆ ಕಡು ಹಸಿರಿನ ಆಸೆ ಇತ್ತು. ಆದರೆ ಬಣ್ಣ ಬದಲಾಯಿಸಿದರೆ ಆರ್‌ಸಿಯಲ್ಲೂ ಬದಲಾಯಿಸಬೇಕು, ಆ ಓಡಾಟ ಬೇಡ ಅನಿಸಿತು. ಈ ಕೆಲಸಕ್ಕೆ 92,000 ಆಯಿತು. ಗಾಡಿಗೆ ಹಾಕಿದ ದುಡ್ಡಿನಲ್ಲಿ ಒಂದು ರೂಪಾಯಿಗೂ ಬೇಸರವಿಲ್ಲದ್ದು ಅಂದರೆ ಇದೇ.

ಎಂಜಿನ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಹೇಳಲು ಇರುವುದು ಕಡಿಮೆ. 1948 ಸಿಸಿಯ ಡೀಸೆಲ್, ಟರ್ಬೊ ಇಲ್ಲ, ಅರವತ್ತು ಚಿಲ್ಲರೆ ಕುದುರೆ. ಹೆಡ್ ಬಿಚ್ಚಿ ವಾಲ್ವ್ ಕೂರಿಸಿ, ಗ್ಯಾಸ್ಕೆಟ್ ಬದಲಿಸಿ, ಇಂಜೆಕ್ಟರ್ ಮತ್ತು ಡೀಸೆಲ್ ಪಂಪ್ ಸರ್ವಿಸ್ ಮಾಡಿಸಿ, ಹೀಟರ್ ಪ್ಲಗ್ ನಾಲ್ಕೂ ಹೊಸದು ಹಾಕಿದೆವು. ಮಂಗಳೂರಿನಲ್ಲಿ 74,000 ಬಿಲ್. ಟಾಟಾದ್ದೇ ಹಳೇ ಗಾಡಿಗಳಾದ ಟಾಟಾಮೊಬೈಲ್, ಸಿಯೆರಾ, ಎಸ್ಟೇಟ್‌ಗಳಲ್ಲೂ ಇದ್ದ ಎಂಜಿನ್ ಆದ್ದರಿಂದ ಹಳೇ ಮೆಕ್ಯಾನಿಕ್‌ಗಳ ಕೈಗೆ ಪಳಗಿದ್ದು. ಬಿಡಿಭಾಗವೂ ಸಿಗುತ್ತದೆ.

ಸಿಗದೇ ಇರುವುದು ಚಿಲ್ಲರೆ ಸಾಮಾನು. ಗಾಜು ಇಳಿಸುವ ಹಿಡಿ, ಮುಂದಿನ ಗಾಜಿನ ಬೀಡಿಂಗ್, ಹಿಂದಿನ ಲೈಟಿನ ಕೆಂಪು ಗಾಜು, ಡ್ಯಾಶ್‌ಬೋರ್ಡಿನ ಗಾಳಿಕಿಂಡಿ. ಇವಕ್ಕೆ ಮಂಗಳೂರಿನ ಗುಜರಿ ಅಂಗಡಿ, ಬೆಂಗಳೂರಿನ ಜೆಸಿ ರೋಡ್, ಕೊನೆಗೆ ಕೊಯಮತ್ತೂರಿನ ಉಕ್ಕಡಂ ತನಕ ಹೋದೆ. ಸುಮೋ 2019ರವರೆಗೆ ಬರುತ್ತಿತ್ತು, ಎಲ್ಲ ಸಿಗುತ್ತದೆ ಅಂದುಕೊಂಡರೆ ಮೋಸ ಹೋಗುತ್ತೀರಿ. ಹೊಸ ಮಾಡೆಲಿನ ಒಳಗಿನ ಸಾಮಾನು ಹೆಚ್ಚಿನದು ಇದಕ್ಕೆ ಕೂರುವುದಿಲ್ಲ. ಒಂದು ಅಂಗಡಿಯವರು ಒರಿಜಿನಲ್ ಅಂತ ಕೊಟ್ಟ ಬಾಲ್ ಜಾಯಿಂಟ್ ನಾಲ್ಕೇ ತಿಂಗಳಿಗೆ ಕಟಕಟ ಅನ್ನತೊಡಗಿತು. ಡಬ್ಬದ ಮೇಲಿನ ಅಕ್ಷರ ನೋಡಿ ನಂಬಿದ್ದು ನನ್ನ ಬುದ್ಧಿ. ಸಸ್ಪೆನ್ಷನ್, ಬ್ರೇಕ್, ಸೀಟು, ವೈರಿಂಗ್ ಎಲ್ಲ ಸೇರಿ ಇನ್ನೊಂದು 81,000. ಮೊದಲ ಸಲದ ದಂಡವೂ ಸೇರಿದರೆ ಒಟ್ಟು 2,95,000.

2022ರ ಮೇ ತಿಂಗಳಿನಿಂದ ಇವತ್ತಿನವರೆಗೆ 26,400 ಕಿಲೋಮೀಟರ್ ಓಡಿಸಿದ್ದೇನೆ. ಶಾಲೆಗೆ ಬೈಕ್, ಮನೆಮಂದಿ ಹೊರಟರೆ ಸುಮೋ. ಲೀಟರಿಗೆ 11ರಿಂದ 12 ಕಿಲೋಮೀಟರ್. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಅರವತ್ತರಲ್ಲಿ ಹೋಗುತ್ತಿದ್ದರೆ ಸುಖ. ಎಂಬತ್ತು ದಾಟಿದರೆ ಒಳಗೆ ಕೂತವರು ಕೂಗಿ ಮಾತಾಡಬೇಕು. ಸಂಪಾಜೆಯಿಂದ ಮಡಿಕೇರಿಗೆ ಘಾಟಿ ಹತ್ತುವಾಗ ಎರಡು–ಮೂರನೇ ಗೇರಿನಲ್ಲೇ ಬದುಕು, ಹಿಂದೆ ಬರುವವರ ಶಾಪ. ಆದರೂ ಟೆಂಪರೇಚರ್ ಮುಳ್ಳು ಒಂದು ಸಲವೂ ಹತ್ತಿಲ್ಲ. ರೇಡಿಯೇಟರ್ ಕ್ಲೀನ್ ಮಾಡಿಸಿದ್ದಕ್ಕೆ ಸಾರ್ಥಕ. ಎಸಿ ಇಲ್ಲ. ಹಾಕಿಸುವ ಮನಸ್ಸೂ ಇಲ್ಲ, ಇರುವ ಅರವತ್ತು ಕುದುರೆಯಲ್ಲಿ ನಾಲ್ಕನ್ನು ತಂಪು ಗಾಳಿಗೆ ಕಟ್ಟುವುದು ಯಾಕೆ? ಏಪ್ರಿಲ್ ತಿಂಗಳಲ್ಲಿ ಮಗಳು ಈ ಮಾತು ಒಪ್ಪುವುದಿಲ್ಲ.

2025ರಲ್ಲಿ ಮಧೂರು ದೇವಸ್ಥಾನದ ಮೂಡಪ್ಪ ಸೇವೆಗೆ ಬೆಂಗಳೂರಿಂದ, ಪುತ್ತೂರಿಂದ ನೆಂಟರು ಬಂದು ಮನೆ ತುಂಬಿತ್ತು. ಅಂಗಳದಲ್ಲಿ ಮೂರು ಹೊಸ ಕಾರು ನಿಂತಿದ್ದವು. ಎಲ್ಲ ಮಕ್ಕಳಿಗೂ ಸುಮೋದ ಹಿಂದಿನ ಸೀಟೇ ಬೇಕು. ಎದುರುಬದುರು ಕೂತು ಕಾಲು ಗುದ್ದಾಡಿಕೊಂಡು ಹೋಗುವ ಸುಖ ಬೇರೆ ಯಾವುದರಲ್ಲೂ ಇಲ್ಲ. ಅಲ್ಲಿ ಬೆಲ್ಟ್ ಇಲ್ಲ, ಏರ್‌ಬ್ಯಾಗ್ ಅಂತೂ ಗಾಡಿಯಲ್ಲೇ ಇಲ್ಲ. ಹಾಗಾಗಿ ಹೈವೇಯಲ್ಲಿ ಹಿಂದೆ ಮಕ್ಕಳನ್ನು ಕೂರಿಸುವುದಿಲ್ಲ ಅಂತ ನಾನೇ ನಿಯಮ ಮಾಡಿಕೊಂಡಿದ್ದೇನೆ. ಆ ದಿನ ಒಳರಸ್ತೆಯಲ್ಲಿ ಮೂರು ಟ್ರಿಪ್ ಹೊಡೆದೆ.

ಹೆದರಿದ್ದು ಒಂದೇ ಸಲ. 2023ರ ಆಗಸ್ಟ್, ಅಡ್ಕಸ್ಥಳದ ಹತ್ತಿರ ಇಳಿಜಾರು, ಮಳೆ. ಬ್ರೇಕ್ ಒತ್ತಿದರೆ ಪೆಡಲ್ ಕಲ್ಲು. ಗೇರ್ ಇಳಿಸಿ, ಎರಡೂ ಕಾಲಲ್ಲಿ ಒತ್ತಿ, ಹೇಗೋ ಬದಿಗೆ ನಿಲ್ಲಿಸಿದೆ. ಡೀಸೆಲ್ ಎಂಜಿನ್‌ನಲ್ಲಿ ಬ್ರೇಕ್ ಬೂಸ್ಟರಿಗೆ (ಕಾಲಿನ ಬಲ ಹೆಚ್ಚಿಸಿ ಬ್ರೇಕಿಗೆ ಕೊಡುವ ಭಾಗ) ಬೇಕಾದ ವ್ಯಾಕ್ಯೂಮ್ ತಾನಾಗಿ ಸಿಗುವುದಿಲ್ಲ, ಅದಕ್ಕೆ ಒಂದು ಪಂಪ್ ಬೇಕು. ಇದರಲ್ಲಿ ಆ ಪಂಪ್ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಬೆನ್ನಿಗೇ ಉಂಟು. ಆಲ್ಟರ್ನೇಟರಿನ ಬೆಲ್ಟ್ ತುಂಡಾಗಿತ್ತು, ಅದರ ಜೊತೆ ಪಂಪೂ ನಿಂತಿತ್ತು. ಬೆಲ್ಟ್ ಹೋದ ಕೂಡಲೇ ಮೀಟರಿನಲ್ಲಿ ಬ್ಯಾಟರಿಯ ಕೆಂಪು ಲೈಟ್ ಹತ್ತಬೇಕಿತ್ತು. ಅದರ ಬಲ್ಬು ಯಾವಾಗಲೋ ಸುಟ್ಟಿತ್ತು. ಹೊಸ ಸೀಟಿಗೆ ಯಾವ ಬಣ್ಣದ ಹೊಲಿಗೆ ಅಂತ ವಾರಗಟ್ಟಲೆ ಯೋಚಿಸಿದವನು ಇಪ್ಪತ್ತು ರೂಪಾಯಿಯ ಬಲ್ಬು ನೋಡಿರಲಿಲ್ಲ. ಈಗ ಪ್ರತಿ ಸಲ ಕೀ ತಿರುಗಿಸಿದಾಗ ಆ ಕೆಂಪು ಲೈಟ್ ಒಮ್ಮೆ ಹತ್ತುತ್ತದಾ ಅಂತ ನೋಡಿಯೇ ಸೆಲ್ಫ್ ಹೊಡೆಯುವುದು. ಇನ್ನೊಂದು ಬೆಲ್ಟ್ ಡಿಕ್ಕಿಯಲ್ಲೇ ಉಂಟು.

ತುಕ್ಕಿನ ವರದಿ ಕೊಡದಿದ್ದರೆ ಈ ವಿಮರ್ಶೆಗೆ ಅರ್ಥವಿಲ್ಲ, ಅಲ್ವಾ? ನಾಲ್ಕು ಮಳೆಗಾಲ ಕಳೆದಿದೆ. ಎಡಗಡೆ ಹಿಂದಿನ ಚಕ್ರದ ಮೇಲೆ ಮೂರನೇ ವರ್ಷ ಒಂದು ಗುಳ್ಳೆ, ನಾಲ್ಕಾಣೆಯಷ್ಟು ದೊಡ್ಡದು. ಇಚ್ಚ ಕೆರೆದು, ಬರೇ ತಗಡು ಕಂಡ ಮೇಲೆ ಪ್ರೈಮರ್ ಹಾಕಿ ಮುಚ್ಚಿದರು. ಉಳಿದದ್ದು ಗಟ್ಟಿ. ಕುಂಬಳೆ ಕಡೆ ಕಡಲ ಬದಿಗೆ ಹೋಗಿ ಬಂದರೆ ಮರುದಿನ ಅಡಿಗೆ ಪೈಪ್ ಹಿಡಿದು ತೊಳೆಯುತ್ತೇನೆ. ಬಾಗಿಲಿನ ತಳದಲ್ಲಿ ನೀರು ಇಳಿಯುವ ಸಣ್ಣ ತೂತುಗಳು ಇರುತ್ತವೆ, ಕೆಸರು ಕೂತು ಮುಚ್ಚಿಹೋಗುತ್ತವೆ. ಹಿಡಿಸೂಡಿಯ ಕಡ್ಡಿಯಲ್ಲಿ ತಿಂಗಳಿಗೊಮ್ಮೆ ಚುಚ್ಚಿ ಬಿಡಿಸಬೇಕು. ಗಾಡಿಯ ಮಾಡಿನ ಅಂಚಿನ ಕಾಲುವೆಯಲ್ಲಿ ಅಡಿಕೆ ಹಿಂಗಾರದ ಪುಡಿ ತುಂಬುತ್ತದೆ, ಅದನ್ನೂ ಗುಡಿಸಬೇಕು. ಇದಕ್ಕೆ ದುಡ್ಡು ಬೇಡ, ಉದಾಸೀನ ಬಿಡಬೇಕು ಅಷ್ಟೇ.

ಕಾಗದಪತ್ರದ ವಿಷಯ ಚುಟುಕಾಗಿ. ಖಾಸಗಿ ಗಾಡಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರಿಗೆ ಆ ಫೀಸು 600ರಿಂದ 5,000ಕ್ಕೆ ಏರಿತ್ತು. ನಮ್ಮದು ಆ ವರ್ಷದ ನವೆಂಬರ್, ತಪ್ಪಿಸಲು ಆಗಲಿಲ್ಲ. 2025ರಲ್ಲಿ 20 ವರ್ಷ ದಾಟಿದ ಗಾಡಿಗೆ 10,000 ಮಾಡಿದ್ದಾರೆ. ಕೇರಳದ ಗ್ರೀನ್ ಟ್ಯಾಕ್ಸ್ ಬೇರೆ. ಡೀಸೆಲ್ ಪಂಪ್ ಸರಿ ಇದ್ದದ್ದರಿಂದ ಹೊಗೆ ಪರೀಕ್ಷೆಯಲ್ಲಿ ತೊಂದರೆ ಆಗಿಲ್ಲ.

ಮೂರು ಲಕ್ಷಕ್ಕೆ ಒಳ್ಳೆ ಸೆಕೆಂಡ್ ಹ್ಯಾಂಡ್ ಕಾರು ಬರುತ್ತಿತ್ತು ಅಂತ ಭಾವ ಈಗಲೂ ಹೇಳುತ್ತಾನೆ. ಲೆಕ್ಕ ಅವನದ್ದೇ ಸರಿ. ಮಾರಿದರೆ ನನಗೆ ಹಾಕಿದ್ದರಲ್ಲಿ ಅರ್ಧವೂ ಬರಲಿಕ್ಕಿಲ್ಲ. ಲಾಭದ ಆಸೆಯಿಂದ ಈ ಕೆಲಸಕ್ಕೆ ಇಳಿಯುವವರು ದಯವಿಟ್ಟು ಅವನ ಮಾತು ಕೇಳಿ. ನಾನು ಹತ್ತರಲ್ಲಿ ಏಳು ಕೊಡುತ್ತೇನೆ. ಒಂದು ಎಸಿಗೆ, ಒಂದು ಸದ್ದಿಗೆ, ಇನ್ನೊಂದು ಆ ಬಾಗಿಲಿಗೆ ಹೋಯಿತು.

ಕಳೆದ ಭಾನುವಾರ ಉಕ್ಕಡಂನಿಂದ ಒಂದು ಜೊತೆ ಹಿಂಜ್ ತರಿಸಿದೆ. ಅಪ್ಪ ಚಾವಡಿಯಲ್ಲಿ ಕೂತು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಎಂತಕ್ಕೆ?"

"ಹಿಂದಿನ ಬಾಗಿಲು ಸರಿ ಹಾಕ್ಲಿಕ್ಕೆ ಆಗುದಿಲ್ಲ ಅಲ್ವಾ ಅಪ್ಪ."

"ನನಗೆ ಆಗ್ತದಲ್ಲ," ಅಂದರು.

ಹಿಂಜ್ ಕೂರಿಸಲು ಇಚ್ಚ ಎರಡು ದಿನ ಕೇಳಿದ್ದಾರೆ. ಶಾಲೆಗೆ ರಜೆ ಸಿಕ್ಕಿದ ಮೇಲೆ ಕೊಂಡುಹೋಗಬೇಕು.